ಪೆಪ್ಪರ್ ಚಿಕನ್, ಮಟನ್ ಸಾರಿನ ಜೊತೆ ಯಾವ ರೆಡ್ ವೈನ್? ಗೊತ್ತಿದ್ದವರು ಹೇಳಿ

ಕೇಳಿದವರು, ಶಿವಮೊಗ್ಗ:
ಶನಿವಾರ ಅಕ್ಕ-ಭಾವನ ಮದುವೆ ವಾರ್ಷಿಕೋತ್ಸವ. ಇಲ್ಲೇ ಒಂದು ಬಾರ್ ಅಂಡ್ ರೆಸ್ಟೋರೆಂಟಿನ ಫ್ಯಾಮಿಲಿ ಸೆಕ್ಷನ್‌ನಲ್ಲಿ ರಾತ್ರಿ ಊಟ. ಭಾವ ಬೆಂಗಳೂರಿನವರು, ಅವರಿಗೆ ರೆಡ್ ವೈನ್ ಇಷ್ಟ. ನನಗೆ ಅದರ ಗಂಧಗಾಳಿ ಇಲ್ಲ. ಪೆಪ್ಪರ್ ಚಿಕನ್ ಡ್ರೈ, ಅಕ್ಕಿ ರೊಟ್ಟಿ-ಮಟನ್ ಸಾರು, ಅಂಜಲ್ ಮೀನಿನ ತವಾ ಫ್ರೈ ಹೇಳೋಣ ಅಂತಿದ್ದೀವಿ. ಅಮ್ಮನಿಗೆ ವೆಜ್. ಮೆನುವಿನಲ್ಲಿ ಶಿರಾಜ್, ಕ್ಯಾಬರ್ನೆ, ಪೋರ್ಟ್ ಅಂತ ಇದೆ. ಯಾವುದು ತರಿಸಲಿ?

ತೀರ್ಥಹಳ್ಳಿ ಕಡೆಯ ತೋಟದವರು:
ಶಿರಾಜ್ ಹೇಳಿ, ಯೋಚನೆ ಮಾಡಬೇಡಿ. ನಮ್ಮ ತೋಟದ ಕಾಳುಮೆಣಸಿಗೆ ಆ ಘಮ ಕೊಡುವ ರೊಟಂಡೋನ್ ಅನ್ನೋ ಅಂಶವೇ ಶಿರಾಜ್ ದ್ರಾಕ್ಷಿಯಲ್ಲೂ ಇದೆ. ಆಸ್ಟ್ರೇಲಿಯಾದ ವೈನ್ ಸಂಶೋಧಕರು 2008ರಲ್ಲಿ ಇದನ್ನು ಪ್ರಕಟಿಸಿದರು. ತಂಪು ಜಾಗದಲ್ಲಿ ಬೆಳೆದ ದ್ರಾಕ್ಷಿಯಲ್ಲಿ ಅದು ಹೆಚ್ಚು, ಬಿಸಿಲು ನಾಡಿನದರಲ್ಲಿ ಕಡಿಮೆ. ಹಾಗಾಗಿ ನಮ್ಮ ದೇಶದ ಶಿರಾಜ್‌ನಲ್ಲಿ ಆ ವಾಸನೆ ಸ್ವಲ್ಪ ತೆಳು. ಇನ್ನೊಂದು ತಮಾಷೆ ಅಂದ್ರೆ, ಆ ಪರೀಕ್ಷೆಯಲ್ಲಿ ಸುಮಾರು ಐವರಲ್ಲಿ ಒಬ್ಬರಿಗೆ ಅದರ ವಾಸನೆಯೇ ತಿಳಿಯಲಿಲ್ಲ. ಭಾವ "ಎಲ್ಲಿದೆ ಮಾರಾಯ ಮೆಣಸು?" ಅಂದ್ರೆ ವಾದಕ್ಕೆ ಇಳಿಯಬೇಡಿ.

ಆದರೆ ಖಾರ ಕಾಳುಮೆಣಸಿನದ್ದೇ ಆಗಿರಬೇಕು. ನಮ್ಮ ಕಡೆ ಹೋಟೆಲ್‌ಗಳಲ್ಲಿ ಪೆಪ್ಪರ್ ಚಿಕನ್ ಅಂತ ಹೇಳಿ ಹಸಿಮೆಣಸು ಸೀಳಿ ಸುರಿದು, ಮೇಲೆ ಒಂದು ಚಿಟಿಕೆ ಪುಡಿ ಉದುರಿಸಿ ಕೊಡ್ತಾರೆ. ಅದರ ಜೊತೆ ವೈನ್ ಕುಡಿದರೆ ಬಾಯಿಗೆ ಬೆಂಕಿ. ಆಲ್ಕೋಹಾಲ್ ಮೆಣಸಿನಕಾಯಿಯ ಉರಿಯನ್ನು ಏರಿಸುತ್ತೆ, ಟ್ಯಾನಿನ್ ನಾಲಿಗೆ ಒಣಗಿಸುತ್ತೆ. ಟ್ಯಾನಿನ್ ಅಂದ್ರೆ ಬೇರೇನಲ್ಲ, ಅಡಿಕೆ ಬೇಯಿಸಿದ ಚೊಗರಿನಲ್ಲಿರೋ ಒಗರೇ. ಹಸಿ ಅಡಿಕೆ ಕಚ್ಚಿದಾಗ ಕೆನ್ನೆ ಒಳಗೆ ಎಳೆದ ಹಾಗಾಗುತ್ತಲ್ಲ, ಅದೇ. ಕ್ಯಾಬರ್ನೆಯಲ್ಲಿ ಅದು ಜೋರು. ಕೊಬ್ಬಿರೋ ಮಟನ್ ತುಂಡಿನ ಜೊತೆ ಆ ಒಗರು ಮೆತ್ತಗಾಗುತ್ತೆ, ಬರೀ ಖಾರದ ತಿಳಿ ಸಾರಿಗೆ ಆಗೋದಿಲ್ಲ. ಆರ್ಡರ್ ಕೊಡುವಾಗಲೇ "ಹಸಿಮೆಣಸು ಕಡಿಮೆ, ಕಾಳುಮೆಣಸು ಕುಟ್ಟಿ ಹಾಕಿ" ಅಂತ ಹೇಳಿಬಿಡಿ.

ಬಿ.ಎಚ್. ರಸ್ತೆಯ ಹೋಟೆಲೊಂದರಲ್ಲಿ ಸ್ಟೂವರ್ಡ್ ಆಗಿದ್ದವರು:
ಯಾವ ವೈನ್ ಅನ್ನೋದಕ್ಕಿಂತ ಎಷ್ಟು ತಣ್ಣಗಿದೆ ನೋಡಿ ಸಾರ್. ನಮ್ಮಲ್ಲಿ ರೆಡ್ ಬಾಟಲಿ ಒಂದೋ ಕೌಂಟರ್ ಹಿಂದೆ ಟ್ಯೂಬ್‌ಲೈಟ್ ಕೆಳಗೆ ತಿಂಗಳುಗಟ್ಟಲೆ ನಿಂತಿರುತ್ತೆ, ಇಲ್ಲ ಬಿಯರ್ ಜೊತೆ ಫ್ರಿಜ್ಜಲ್ಲಿರುತ್ತೆ. 'ರೂಮ್ ಟೆಂಪರೇಚರ್' ಅನ್ನೋದು ಯುರೋಪಿನ ರೂಮಿಗೆ ಹೇಳಿದ್ದು, ಏಪ್ರಿಲ್ ತಿಂಗಳ ಶಿವಮೊಗ್ಗದ ರೂಮಿಗಲ್ಲ. ರೆಡ್‌ಗೆ 16ರಿಂದ 18 ಡಿಗ್ರಿ ಸರಿ. ಬೆಚ್ಚಗಿದ್ದರೆ ನೀರು-ಐಸ್ ಹಾಕಿದ ಬಕೆಟ್‌ನಲ್ಲಿ ಹತ್ತು ನಿಮಿಷ ಇಡಿಸಿ. ಗ್ಲಾಸಿಗೇ ಐಸ್ ಹಾಕಲು ಬಂದರೆ ಬೇಡ ಅನ್ನಿ. ಬಿಡಿ ಗ್ಲಾಸ್ ಲೆಕ್ಕದಲ್ಲಿ ತಗೊಳ್ಳೋದಾದರೆ ಬಾಟಲಿ ಯಾವತ್ತು ಓಪನ್ ಮಾಡಿದ್ದು ಅಂತ ಕೇಳಿ. ವಿನೆಗರ್ ವಾಸನೆ ಬಂದರೆ ಮುಲಾಜಿಲ್ಲದೆ ವಾಪಸ್ ಕಳಿಸಿ. ನಾಲ್ಕು ಜನ ಇದ್ದರೆ 750 ಎಂ.ಎಲ್. ಬಾಟಲಿಯೇ ಲೇಸು, 150 ಎಂ.ಎಲ್. ಹಾಗೆ ಐದು ಗ್ಲಾಸ್ ಆಗುತ್ತೆ. ಟೇಬಲ್ ಮುಂದೆಯೇ ಓಪನ್ ಮಾಡಿಸಿ. ಕಾರು ಓಡಿಸುವವರ ಗ್ಲಾಸ್ ಮಾತ್ರ ಮಗುಚಿಡಿ.

ಸಾಗರದ ಗೃಹಿಣಿ:
ಅಂಜಲ್ ಜೊತೆ ರೆಡ್ ಬೇಡ್ವೇ ಬೇಡ. ವೈನಿನಲ್ಲಿರೋ ಕಬ್ಬಿಣದ ಅಂಶ ಮೀನಿಗೆ ಸೇರಿದಾಗ ಕೆಟ್ಟ ಮೀನಿನ ವಾಸನೆ ಬಾಯಲ್ಲೇ ಉಳಿಯುತ್ತೆ, ಜಪಾನಿನವರು 2009ರಲ್ಲಿ ಇದನ್ನು ಪರೀಕ್ಷೆ ಮಾಡಿ ತೋರಿಸಿದ್ದಾರೆ. ಅಮ್ಮನಿಗೆ ಅಣಬೆ ಪೆಪ್ಪರ್ ಡ್ರೈ ಹೇಳಿ, ವೈನ್ ಕುಡಿಯೋರೂ ಅದಕ್ಕೇ ಕೈ ಹಾಕ್ತಾರೆ ನೋಡಿ. ಜಾಮೂನು ಬಂದಮೇಲೆ ವೈನ್ ಮುಟ್ಟಬೇಡಿ, ಸಿಹಿ ತಿಂದ ನಾಲಿಗೆಗೆ ಬರೀ ಹುಳಿ. ಪೋರ್ಟ್ ಸಿಹಿ ಇರೋದ್ರಿಂದ ಆಗ ನಡೆಯುತ್ತೆ, ಮಟನ್ ಜೊತೆ ಅಲ್ಲ.

ಭದ್ರಾವತಿಯವರು:
ಇಷ್ಟೆಲ್ಲಾ ರಾಮಾಯಣ ಯಾಕ್ರೀ, ಮಟನ್‌ಗೆ ರಮ್ಮೇ ಸರಿ.

ಕೇಳಿದವರು:
ಅಪ್ಪನೂ ಅದೇ ಅಂತಾರೆ! ಹೋಟೆಲ್‌ಗೆ ಫೋನ್ ಮಾಡಿದೆ. ಸುಲ ಕಂಪನಿಯ ಶಿರಾಜ್ ಇದೆಯಂತೆ, ಗ್ರೋವರ್ ಕಂಪನಿಯ ಲಾ ರಿಸರ್ವ್ ಅನ್ನೋ ರೆಡ್ ವೈನ್ ಕೂಡ ಇದೆಯಂತೆ.

ತೀರ್ಥಹಳ್ಳಿ ಕಡೆಯ ತೋಟದವರು:
ಹಾಗಾದ್ರೆ ನನ್ನ ಮಾತು ಸ್ವಲ್ಪ ಬದಲು. ಸುಲ ನಾಸಿಕದ್ದು, ಗ್ರೋವರ್ ನಮ್ಮ ನಂದಿ ಬೆಟ್ಟದ ಕಡೆಯದ್ದು. ಲಾ ರಿಸರ್ವ್‌ನಲ್ಲಿ ಕ್ಯಾಬರ್ನೆ, ಶಿರಾಜ್ ಎರಡೂ ಬೆರೆತಿರುತ್ತೆ, ಚಿಕನ್-ಮಟನ್ ಎರಡಕ್ಕೂ ಒಂದೇ ಬಾಟಲಿ ಸಾಕು. ಬಜೆಟ್ ಬಿಗಿ ಇದ್ದರೆ ಸುಲ ಶಿರಾಜ್ ತಗೊಳ್ಳಿ, ಏನೂ ಮೋಸ ಇಲ್ಲ. ಮೀನು ಮೊದಲು ನಿಂಬೆ ಸೋಡಾ ಜೊತೆ ಮುಗಿಸಿ, ತಟ್ಟೆ ತೆಗೆದ ಮೇಲೆ ಬಾಟಲಿ ಓಪನ್ ಮಾಡಿಸಿ.