ಟಿಕ್ ಹಾಕದಿದ್ದರೂ ಅರ್ಜಿ ಸೇವ್ ಆಗುತ್ತಿದೆ: ಒಪ್ಪಿಗೆಯ ಚೆಕ್‌ಬಾಕ್ಸ್ ಪರಿಶೀಲನೆ ಹೇಗೆ?

ಸಾಗರದ ಕೋಡಿಗ:
ಎಲ್ಲರಿಗೂ ನಮಸ್ಕಾರ. ನಮ್ಮ ತಾಲ್ಲೂಕಿನ ಅಡಿಕೆ ಬೆಳೆಗಾರರ ಸಹಕಾರ ಸಂಘವೊಂದರ ಸದಸ್ಯತ್ವದ ಆನ್‌ಲೈನ್ ಅರ್ಜಿಯನ್ನು ಈಗ ನಾನು ನೋಡಿಕೊಳ್ಳುತ್ತಿದ್ದೇನೆ. ಪಿಎಚ್‌ಪಿ ಎಂಬ ಸರ್ವರ್ ಭಾಷೆಯಲ್ಲಿರುವ ಈ ಅರ್ಜಿಯ ಕೊನೆಯಲ್ಲಿ ಎರಡು ಚೆಕ್‌ಬಾಕ್ಸ್‌ಗಳಿವೆ. ‘ಸಂಘದ ಬೈಲಾ ಓದಿ ಒಪ್ಪಿದ್ದೇನೆ’ ಎಂಬುದು ಕಡ್ಡಾಯ. ‘ರಾಶಿ, ಬೆಟ್ಟೆ, ಸರಕು, ಗೊರಬಲು ಅಡಿಕೆಯ ದರವನ್ನು ಎಸ್‌ಎಂಎಸ್ ಮೂಲಕ ಕಳುಹಿಸಿ’ ಎಂಬುದು ಐಚ್ಛಿಕ. ಮೊದಲನೆಯದಕ್ಕೆ, ಟಿಕ್ ಕಡ್ಡಾಯವೆಂದು ಬ್ರೌಸರಿಗೆ ಹೇಳುವ ‘ರಿಕ್ವೈರ್ಡ್’ ಇದೆ. ಸಂದೇಶಗಳನ್ನು ಕನ್ನಡದಲ್ಲೇ ತೋರಿಸಬೇಕೆಂದು ಫಾರ್ಮ್ ಟ್ಯಾಗ್‌ಗೆ ಬ್ರೌಸರಿನ ಪರಿಶೀಲನೆ ನಿಲ್ಲಿಸುವ ‘ನೋವ್ಯಾಲಿಡೇಟ್’ ಕೊಟ್ಟು, ಪರಿಶೀಲನೆಯನ್ನು ಜಾವಾಸ್ಕ್ರಿಪ್ಟ್‌ಗೆ ವಹಿಸಲಾಗಿದೆ. ಎರಡೂ ಚೆಕ್‌ಬಾಕ್ಸ್‌ಗಳ ಮೊದಲು ಅದೇ ಹೆಸರಿನ, ಸೊನ್ನೆ ಬೆಲೆಯ (ವ್ಯಾಲ್ಯೂ) ಹಿಡನ್ ಇನ್‌ಪುಟ್, ಅಂದರೆ ಪುಟದಲ್ಲಿ ಕಾಣದ ಕ್ಷೇತ್ರ, ಇದೆ. ಸರ್ವರ್‌ನಲ್ಲಿ ಆ ಹೆಸರು ಬಂದಿದೆಯೇ ಎಂದು ‘ಇಸ್‌ಸೆಟ್’ ಮೂಲಕ ನೋಡಿ, ಇಲ್ಲದಿದ್ದರೆ ಅರ್ಜಿಯನ್ನು ತಿರಸ್ಕರಿಸುವ ಕೋಡ್ ಕೂಡ ಇದೆ. ಆದರೂ ಬೈಲಾ ಒಪ್ಪಿಗೆಯ ಕಾಲಂನಲ್ಲಿ ಸೊನ್ನೆ ಇರುವ ಕೆಲವು ಅರ್ಜಿಗಳು ಡೇಟಾಬೇಸ್‌ಗೆ ಬಂದು ಕೂತಿವೆ. ಆಫೀಸಿನ ಕಂಪ್ಯೂಟರಿನಲ್ಲಿ ಎಷ್ಟು ಪರೀಕ್ಷಿಸಿದರೂ ಇದು ಮರುಕಳಿಸುತ್ತಿಲ್ಲ.

ತುಂಗಾತೀರ:
ಇಲ್ಲಿ ಬ್ರೌಸರ್, ಸರ್ವರ್ ಎರಡೂ ಕಡೆಯ ಬಾಗಿಲುಗಳು ಒಟ್ಟಿಗೇ ತೆರೆದಿವೆ. ‘ನೋವ್ಯಾಲಿಡೇಟ್’ ಇದ್ದರೆ ಬ್ರೌಸರ್ ತಾನಾಗಿ ಯಾವ ಪರಿಶೀಲನೆಯನ್ನೂ ಮಾಡುವುದಿಲ್ಲ. ಆಗುಂಬೆ, ಹೊಸನಗರದ ಕಡೆ ಮಳೆಗಾಲದಲ್ಲಿ ನೆಟ್‌ವರ್ಕ್ ಹೇಗಿರುತ್ತದೆಂದು ನಿಮಗೇ ಗೊತ್ತು. ಪುಟ ಬಂದು, ಜಾವಾಸ್ಕ್ರಿಪ್ಟ್ ಕಡತ ಮಾತ್ರ ಬಾರದೆ ಉಳಿದರೆ ಅರ್ಜಿ ಟಿಕ್ ಇಲ್ಲದೆಯೇ ಹೊರಡುತ್ತದೆ. ಆದ್ದರಿಂದ ‘ನೋವ್ಯಾಲಿಡೇಟ್’ ಅನ್ನು ಎಚ್‌ಟಿಎಂಎಲ್‌ನಲ್ಲಿ ಬರೆಯದೆ, ಜಾವಾಸ್ಕ್ರಿಪ್ಟ್ ಲೋಡ್ ಆದ ನಂತರ ಅದರಿಂದಲೇ ಸೇರಿಸಿ. ಆಗ ಕಡತ ಬಾರದಿದ್ದರೂ ಬ್ರೌಸರಿನ ಸ್ವಂತ ತಡೆ ಉಳಿದುಕೊಳ್ಳುತ್ತದೆ.

ಇನ್ನು ಸರ್ವರ್. ಟಿಕ್ ಹಾಕದ ಚೆಕ್‌ಬಾಕ್ಸ್‌ನ ಹೆಸರನ್ನೇ ಬ್ರೌಸರ್ ಕಳುಹಿಸುವುದಿಲ್ಲ. ಟಿಕ್ ಹಾಕಿ ವ್ಯಾಲ್ಯೂ ಕೊಡದಿದ್ದರೆ ‘ಆನ್’ ಎಂದು ಕಳುಹಿಸುತ್ತದೆ. ‘ಇಸ್‌ಸೆಟ್’ ಕೆಲಸ ಮಾಡುವುದು ಈ ನಡವಳಿಕೆಯ ಆಧಾರದ ಮೇಲೆ. ಆದರೆ ಹಿಡನ್ ಇನ್‌ಪುಟ್ ಯಾವಾಗಲೂ ಬರುತ್ತದೆ. ಒಂದೇ ಹೆಸರಿನ ಎರಡು ಬೆಲೆಗಳು ಬಂದರೆ ಪಿಎಚ್‌ಪಿ ಕೊನೆಯದನ್ನು ಇಟ್ಟುಕೊಳ್ಳುತ್ತದೆ. ಟಿಕ್ ಇಲ್ಲದಾಗ ಸೊನ್ನೆ ಇದ್ದೇ ಇರುವುದರಿಂದ ‘ಇಸ್‌ಸೆಟ್’ ಪ್ರತಿ ಸಲವೂ ಹೌದೆನ್ನುತ್ತದೆ. ಕಡ್ಡಾಯ ಒಪ್ಪಿಗೆಯ ಹಿಡನ್ ಇನ್‌ಪುಟ್ ತೆಗೆದುಬಿಡಿ. ಚೆಕ್‌ಬಾಕ್ಸ್‌ಗೆ ವ್ಯಾಲ್ಯೂ 1 ಕೊಟ್ಟು, ಬಂದ ಬೆಲೆ ನಿಖರವಾಗಿ ಅದೇ ಆಗಿದೆಯೇ ಎಂದು ಹೋಲಿಸಿ ನೋಡಿ. ಎಸ್‌ಎಂಎಸ್ ಚೆಕ್‌ಬಾಕ್ಸ್‌ಗೆ ಹಿಡನ್ ಇನ್‌ಪುಟ್ ಇದ್ದರೂ ತೊಂದರೆಯಿಲ್ಲ. ಮುಂದೆ ಲಾರಾವೆಲ್‌ಗೆ (ಪಿಎಚ್‌ಪಿಯ ಒಂದು ಫ್ರೇಮ್‌ವರ್ಕ್) ಹೋಗುವುದಾದರೆ ಇದಕ್ಕೆಂದೇ ‘ಅಕ್ಸೆಪ್ಟೆಡ್’ ಎಂಬ ನಿಯಮವಿದೆ. ‘ರಿಕ್ವೈರ್ಡ್’ ಮಾತ್ರ ಹಾಕಿದರೆ ಅಲ್ಲಿಯೂ ಸೊನ್ನೆ ದಾಟಿಬಿಡುತ್ತದೆ.

ಮಲೆನಾಡಿಗಳು:
ಮೇಲಿನ ಉತ್ತರಕ್ಕೆ ನನ್ನ ಸಹಮತವಿದೆ. ಕಾನೂನಿನ ದೃಷ್ಟಿಯಿಂದ ಒಂದು ಮಾತು ಸೇರಿಸುತ್ತೇನೆ. ಬೈಲಾ ಒಪ್ಪಿಗೆ ಬೇರೆ, ವೈಯಕ್ತಿಕ ಮಾಹಿತಿಯ ಬಳಕೆಗೆ ಕೊಡುವ ಸಮ್ಮತಿ ಬೇರೆ. ನೀವು ಎರಡನ್ನೂ ಒಂದೇ ಟಿಕ್‌ನಲ್ಲಿ ಸೇರಿಸದಿರುವುದು ಸರಿಯಾಗಿದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ 6ನೇ ಸೆಕ್ಷನ್ ಪ್ರಕಾರ ಸಮ್ಮತಿಯು ವ್ಯಕ್ತಿಯ ಸ್ಪಷ್ಟ ಕ್ರಿಯೆಯಿಂದಲೇ ವ್ಯಕ್ತವಾಗಬೇಕು, ಪ್ರಶ್ನೆ ಎದ್ದಾಗ ಅದನ್ನು ಸಾಬೀತುಪಡಿಸುವ ಹೊಣೆ ಮಾಹಿತಿ ಪಡೆದವರದ್ದು. ಹೀಗಾಗಿ ಎಸ್‌ಎಂಎಸ್ ಚೆಕ್‌ಬಾಕ್ಸ್‌ಗೆ ಮೊದಲೇ ಟಿಕ್ ಹಾಕಿಡಬೇಡಿ. ಐರೋಪ್ಯ ನ್ಯಾಯಾಲಯವೂ 2019ರ ಅಕ್ಟೋಬರ್ 1ರಂದು ಪ್ಲಾನೆಟ್49 ಪ್ರಕರಣದಲ್ಲಿ ಅಂಥ ಟಿಕ್ ಸಮ್ಮತಿಯಾಗದೆಂದು ತೀರ್ಪಿತ್ತಿದೆ. ಡೇಟಾಬೇಸ್‌ನಲ್ಲಿ ಬರೀ 1 ಇಟ್ಟರೆ ಸಾಕ್ಷ್ಯ ದುರ್ಬಲ; ಒಪ್ಪಿದ ಸಮಯವನ್ನೂ ಆ ದಿನ ತೋರಿಸಿದ ಪಠ್ಯದ ಆವೃತ್ತಿಯನ್ನೂ ಸರ್ವರ್‌ನಲ್ಲೇ ದಾಖಲಿಸಿ.

ಸಾಗರದ ಕೋಡಿಗ:
ಇಬ್ಬರಿಗೂ ಧನ್ಯವಾದಗಳು. ಜಾವಾಸ್ಕ್ರಿಪ್ಟ್ ನಿಲ್ಲಿಸಿ ನೋಡಿದಾಗ ತೊಂದರೆ ಕೂಡಲೇ ಕಾಣಿಸಿತು. ಈಗ ಟಿಕ್ ಇಲ್ಲದ ಅರ್ಜಿ ಸರ್ವರ್‌ನಿಂದ ವಾಪಸ್ ಬರುತ್ತಿದೆ. ಇನ್ನೊಂದು ಸಂದೇಹ: ಅನೇಕ ಹಿರಿಯರ ಅರ್ಜಿಯನ್ನು ಪೇಟೆಯ ಸೈಬರ್ ಸೆಂಟರಿನವರೇ ತುಂಬುತ್ತಾರೆ. ಆಗ ಆ ಟಿಕ್ ಯಾರದ್ದು?

ತುಂಗಾತೀರ:
ಅದನ್ನು ಯಾವ ಕೋಡೂ ಹೇಳಲಾರದು. ಸದಸ್ಯರ ಮೊಬೈಲ್‌ಗೆ ಬೈಲಾದ ಕೊಂಡಿಯನ್ನೂ ಒಟಿಪಿಯನ್ನೂ ಕಳುಹಿಸಿ, ಅದು ದೃಢಪಟ್ಟ ಬಳಿಕವೇ ಅರ್ಜಿಯನ್ನು ಪೂರ್ಣವೆಂದು ಪರಿಗಣಿಸಬಹುದು. ಅಂಗಡಿಯವರು ಒಟಿಪಿ ಕೇಳಿ ತಾವೇ ಹಾಕುವುದು ತಪ್ಪದಿದ್ದರೂ ಸದಸ್ಯರಿಗೆ ವಿಷಯವಾದರೂ ತಿಳಿದಿರುತ್ತದೆ. ಸಿಗ್ನಲ್ ಸಿಗದ ಊರಿನವರಿಗೆ ಸಂಘದ ಕಚೇರಿಯಲ್ಲಿ ಕಾಗದದ ಮೇಲೆ ಸಹಿ ಪಡೆದು, ಒಪ್ಪಿಗೆ ಬಂದ ಬಗೆಯನ್ನು ‘ಕಾಗದ’ ಎಂದು ಪ್ರತ್ಯೇಕ ಕಾಲಂನಲ್ಲಿ ನಮೂದಿಸಿ. ಈಗಾಗಲೇ ಸೊನ್ನೆಯೊಂದಿಗೆ ಬಂದಿರುವ ಅರ್ಜಿಗಳನ್ನು ನೀವಾಗಿ 1 ಎಂದು ತಿದ್ದದೆ, ಅವರಿಂದಲೂ ಹೀಗೆಯೇ ಹೊಸದಾಗಿ ಒಪ್ಪಿಗೆ ಪಡೆಯಿರಿ.