ಮೇಲಿನ ಮಣ್ಣಿಗೆ ಲೆಕ್ಕವಿಲ್ಲವೇ?

ಕರಣಿ: ಬಡಾವಣೆ ಏಳುವ ಜಾಗದಲ್ಲಿ ಹಳೆಯ ಹಳ್ಳಿಯೊಂದರ ಕುರುಹು ಸಿಕ್ಕಿದೆ ಅಂದುಕೊಳ್ಳಿ. ತಳದಲ್ಲಿ ನವಶಿಲಾಯುಗದ ಕುಳಿಗಳು, ಅವನ್ನು ಕಡಿದುಕೊಂಡು ಹೋದ ಕಬ್ಬಿಣ ಯುಗದ ಮನೆಗಳು, ಎಲ್ಲದರ ಮೇಲೆ ಮಧ್ಯಯುಗದ ಹೊಲ. ಉತ್ಖನನದ ಮೊದಲ ದಿನವೇ ಯಂತ್ರ ಬಂದು ಮೇಲ್ಮಣ್ಣು ಹೆರೆದುಬಿಡುತ್ತದೆ. ತಳದ್ದರ ಆಸೆಗೆ ಮೇಲಿನದ್ದನ್ನು ನೋಡದೇ ಎಸೆಯುವುದು ಸರಿಯೇ?

ನೇಗಿಲು: ಉತ್ತ ಮಣ್ಣಲ್ಲಿ ನೋಡಲು ಏನಿದೆ ಸ್ವಾಮಿ? ಮೇಲಿನ ಒಂದಡಿ ಆಗಲೇ ಕಲಸುಮೇಲೋಗರ. ಹಲ್ಲಿಲ್ಲದ ಬಕೆಟ್ ಹಾಕಿ, ಬಲ್ಲವರೊಬ್ಬರು ಪಕ್ಕದಲ್ಲಿ ನಿಂತು ತೆಳ್ಳಗೆ ಹೆರೆಸಿದರೆ ಮನೆಯ ಕಂಬ ನೆಟ್ಟಿದ್ದ ಕುಳಿಗಳು ಕಪ್ಪು ಮಚ್ಚೆಗಳ ಹಾಗೆ ಕಾಣುತ್ತವೆ. ಕೈಯಲ್ಲೇ ಅಗೆಯುತ್ತ ಕೂತರೆ ನಾಲ್ಕು ಮನೆ ಕಾಣುವಷ್ಟರಲ್ಲಿ ಗಡುವು ಮುಗಿದಿರುತ್ತದೆ.

ಕರಣಿ: ಕಲಸಿದೆ, ನಿಜ. ಆದರೆ ಉಳುಮೆ ಮಡಕೆ ಚೂರನ್ನು ಊರಾಚೆ ಒಯ್ಯುವುದಿಲ್ಲ. ಸಾಲು ಹಿಡಿದು ನಡೆದು ಚೂರು ಎಲ್ಲಿ ದಟ್ಟ, ಎಲ್ಲಿ ವಿರಳ ಅಂತ ಗುರುತು ಹಾಕಿ, ಅಲ್ಲಲ್ಲಿ ಮಣ್ಣು ಜರಡಿ ಹಿಡಿದರೆ ಕುಳಿಯೇ ಉಳಿಯದ ಮನೆಗಳ ಸುಳಿವೂ ಸಿಗುತ್ತದೆ. ಯಂತ್ರ ಆಮೇಲೆ ಬರಲಿ.

ಸೈಟ್ ಇಂಜಿನಿಯರ್: ಖರ್ಚು ಯಾರದು? ತಳಪಾಯಕ್ಕೆ ಸುಣ್ಣದ ಗೆರೆ ಎಳೆದ ಮೇಲೆ ಬಂದು ‘ನಿಲ್ಲಿಸಿ’ ಅನ್ನುವುದು ಮಾಮೂಲಿ.

ಹಳೇಪದರ: ಅದಕ್ಕೇ ಇಂಗ್ಲೆಂಡ್ 1990ರಲ್ಲಿ ಮಾರ್ಗಸೂಚಿ ತಂದದ್ದು. ಪರವಾನಗಿಗೆ ಮೊದಲೇ ಶೋಧ, ಖರ್ಚು ಕಟ್ಟಡ ಕಟ್ಟುವವರ ಪಾಲಿಗೆ ಎಂಬ ಪದ್ಧತಿ ಅಲ್ಲಿಂದ ಗಟ್ಟಿಯಾಯಿತು. ಪ್ರಾಚೀನ ಕುರುಹುಗಳ ರಕ್ಷಣೆಗೆಂದು ಆದ 1992ರ ವಲೆಟ್ಟಾ ಒಪ್ಪಂದ ಯುರೋಪಿನಲ್ಲೂ ಅದೇ ದಾರಿ ಹಿಡಿಯಿತು. ಮೊದಲೇ ಗೊತ್ತಾದರೆ ಚರಂಡಿಯನ್ನು ಹತ್ತು ಮೀಟರ್ ಸರಿಸಿ, ಅಗೆಯದೇ ಉಳಿಸಬಹುದು. ತಡವಾದರೆ ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ.

ನೇಗಿಲು: ಇರಲಿ. ಕಾಲ ಹೇಳುವುದೇನು ಕಷ್ಟ? ಕುಳಿಯಲ್ಲಿ ಶಿಲಾಯುಗದ ಚೂರು ಸಿಕ್ಕರೆ ಕುಳಿಯೂ ಶಿಲಾಯುಗದ್ದೇ.

ಹಳೇಪದರ: ಎಡವುವುದು ಇಲ್ಲೇ ನೋಡಿ. ಕಬ್ಬಿಣ ಯುಗದವರು ಕುಳಿ ತೋಡಿದಾಗ ಕೆಳಗಿನ ಹಳೆಯ ಚೂರು ಮೇಲೆ ಬರುತ್ತದೆ. ಕುಳಿ ಮುಚ್ಚುವಾಗ ಮಣ್ಣಿನ ಜೊತೆ ಒಳಗೆ ಹೋಗುತ್ತದೆ. ಕುಳಿ ತುಂಬಿದ ಕಾಲವನ್ನು ಒಳಗಿನ ಅತಿ ಹೊಸ ವಸ್ತುವಿನಿಂದ ಹೇಳಬೇಕು, ಅದೂ ಇಲಿ ಬಿಲದಿಂದ ಜಾರಿ ಬಂದದ್ದಲ್ಲ ಅಂತ ಖಾತ್ರಿಯಾದರೆ. ಇದ್ದಿಲಿನ ಕಾರ್ಬನ್ ಪರೀಕ್ಷೆಗೂ ಇದೇ ಗೋಳು. ಹಳೇ ಮರದ ತಿರುಳಾದರೆ ನಿಜವಾದ ಕಾಲಕ್ಕಿಂತ ಹಿಂದಕ್ಕೆ ಒಯ್ಯುತ್ತದೆ. ಸುಟ್ಟ ಕಾಳು ವಾಸಿ, ಒಂದೇ ಬೆಳೆಯ ಆಯುಷ್ಯ ಅದರದು. ಮಣ್ಣನ್ನು ನೀರಲ್ಲಿ ಕದಡಿದರೆ ತೇಲಿ ಬರುತ್ತದೆ. ಅಷ್ಟಾದರೂ ಕ್ರಿ.ಪೂ. 800ರಿಂದ 400ರವರೆಗೆ ಕಾರ್ಬನ್ ಅಳತೆಯನ್ನು ವರ್ಷಕ್ಕೆ ಹೊಂದಿಸುವ ರೇಖೆ ಚಪ್ಪಟೆ, ಆ ಕಾಲದ ಯಾವ ವರ್ಷಕ್ಕೂ ಹೆಚ್ಚುಕಡಿಮೆ ಒಂದೇ ಅಳತೆ, ಉತ್ತರ ಮಸುಕು. ಆಗ ಯಾವ ಕುಳಿ ಯಾವುದನ್ನು ಕಡಿದಿದೆ ಎಂಬುದೇ ಆಧಾರ.

ಸೈಟ್ ಇಂಜಿನಿಯರ್: ಹಾಗಾದರೆ ಎಲ್ಲ ಬರೆದು, ಚಿತ್ರ ತೆಗೆದು ಕೊಡಿ. ಉಳಿಸಿದ ಹಾಗೆಯೇ ಅಲ್ಲವೇ?

ಕರಣಿ: ಅಲ್ಲ. ಅಗೆದದ್ದನ್ನು ಮತ್ತೆ ಅಗೆಯಲಾಗದು. ಆಂಧ್ರದ ನಾಗಾರ್ಜುನಕೊಂಡದಲ್ಲಿ ಅಣೆಕಟ್ಟಿನ ನೀರು ತುಂಬುವ ಮೊದಲು, 1954ರಿಂದ 1960ರವರೆಗೆ ಅಗೆದರು. ಶಿಲಾಯುಗದಿಂದ ಮಧ್ಯಯುಗದವರೆಗಿನ ಕುರುಹು ಅಲ್ಲಿತ್ತು. ಕೆಲವು ಸ್ಮಾರಕಗಳನ್ನು ಬಿಚ್ಚಿ, ಈಗ ದ್ವೀಪವಾಗಿರುವ ಬೆಟ್ಟದ ಮೇಲೆ ಮತ್ತೆ ಕಟ್ಟಿದರು. ಕಲ್ಲು, ಇಟ್ಟಿಗೆಯನ್ನು ಹಾಗೆ ಸಾಗಿಸಬಹುದು. ಮಣ್ಣಲ್ಲಿ ಕಪ್ಪು ಮಚ್ಚೆಯಾಗಿ ಉಳಿದ ಗುಡಿಸಲನ್ನು ಎಲ್ಲಿಗೆ ಸಾಗಿಸುತ್ತೀರಿ?

ನೇಗಿಲು: ಈ ಮಾತಿಗೆ ಸೋತೆ. ಆದರೂ ಇಡೀ ಮೇಲ್ಮಣ್ಣು ಜರಡಿ ಹಿಡಿಯಲು ಆಗದು. ಚೂರು ದಟ್ಟವಾಗಿರುವ ಕಡೆ ಮಾತ್ರ ಹಿಡಿಯಿರಿ, ಮಿಕ್ಕದ್ದಕ್ಕೆ ಬಕೆಟ್ ಬರಲಿ.

ಕರಣಿ: ಸರಿ. ಆದರೆ ಎಲ್ಲಿ ದಟ್ಟ ಅನ್ನುವ ನಕ್ಷೆ ಯಂತ್ರ ಬರುವ ಮೊದಲು ಕೈಯಲ್ಲಿರಬೇಕು.

ಸೈಟ್ ಇಂಜಿನಿಯರ್: ಅದಕ್ಕೆ ಎಷ್ಟು ದಿನ ಬೇಕು ಅಂತ ಟೆಂಡರಿಗೆ ಮೊದಲೇ ಬರೆದು ಕೊಡಿ. ಆಮೇಲೆ ಕೇಳಿದರೆ ನನ್ನ ಕೈಲಿ ಏನೂ ಇರುವುದಿಲ್ಲ.