ಶೇಕ್ಸ್‌ಪಿಯರ್‌ನ ನಾಟಕ ಟ್ವೆಲ್ತ್ ನೈಟ್ ನಿಂತಿರುವುದು ವೇಷದ ಮೇಲೋ, ಅದರಲ್ಲಿ ಬರುವ ಸುಳ್ಳು ಪತ್ರದ ಮೇಲೋ?

ಬಣ್ಣದಮನೆ: ವೇಷವೇ ಎಲ್ಲ. ವಯೋಲಾ ಗಂಡುಡುಗೆ ತೊಟ್ಟು ಸೆಸಾರಿಯೋ ಆಗುತ್ತಾಳೆ, ಒಲಿವಿಯಾ ಅವಳಿಗೇ ಮನಸೋಲುತ್ತಾಳೆ. ಗುಟ್ಟು ನಮಗೆ ಗೊತ್ತು, ಒಲಿವಿಯಾಗೆ ಗೊತ್ತಿಲ್ಲ. ನಗು ಬರುವುದೇ ಅದಕ್ಕೆ. ಆ ಕಾಲದಲ್ಲಿ ಹೆಣ್ಣು ಪಾತ್ರ ಮಾಡುತ್ತಿದ್ದವರೂ ಹುಡುಗರೇ, ಅಂದರೆ ಹುಡುಗ ಹೆಣ್ಣಾಗಿ, ಆ ಹೆಣ್ಣು ಮತ್ತೆ ಹುಡುಗನಾಗಿ! ಒಲಿವಿಯಾಳ ಮನೆವಾರ್ತೆ ನೋಡಿಕೊಳ್ಳುವ ಮಾಲ್ವೋಲಿಯೋದು, ಆ ಸುಳ್ಳು ಪತ್ರದ್ದು, ಸುಮ್ನೆ ಪಕ್ಕದ ಕತೆ.

ಹಳೇಪ್ರೇಕ್ಷಕ: "ಪಕ್ಕದ ಕತೆ"ಯಾ? 1602ರ ಫೆಬ್ರವರಿ 2ರಂದು ಲಂಡನ್ನಿನ ಮಿಡಲ್ ಟೆಂಪಲ್ ಅನ್ನುವ ವಕೀಲರ ಸಂಸ್ಥೆಯಲ್ಲಿ ಈ ನಾಟಕ ನೋಡಿದ ಕಾನೂನು ವಿದ್ಯಾರ್ಥಿ ಜಾನ್ ಮ್ಯಾನಿಂಗ್‌ಹ್ಯಾಮ್ ತನ್ನ ದಿನಚರಿಯಲ್ಲಿ ಮೆಚ್ಚಿಕೊಂಡಿದ್ದು ಆ ಪತ್ರದ ಆಟವನ್ನೇ. ಯಜಮಾನಿಯೇ ಬರೆದಳು ಅಂತ ನಂಬಿ ಮಾಲ್ವೋಲಿಯೋ ಹಳದಿ ಕಾಲುಚೀಲ ಹಾಕಿ ಹಲ್ಲು ಕಿರಿಯುತ್ತಾ ಬರುತ್ತಾನಲ್ಲ, ಆ ಪತ್ರ. ವೇಷದ ಬಗ್ಗೆ ಒಂದು ಮಾತಿಲ್ಲ.

ನೇಪಥ್ಯ: ಅದೇ ದಿನಚರಿಯಲ್ಲಿ ಒಲಿವಿಯಾಳನ್ನು ವಿಧವೆ ಅಂತ ಬರೆದಿದ್ದಾನೆ. ಅವಳಿಗೆ ಮದುವೆಯೇ ಆಗಿರಲಿಲ್ಲ. ಇಂಥ ಸಾಕ್ಷಿಯನ್ನು ನಂಬಬೇಕಾ?

ಹಳೇಪ್ರೇಕ್ಷಕ: ಅಣ್ಣ ಸತ್ತ ದುಃಖದಲ್ಲಿ ಅವಳು ಮುಸುಕು ಹಾಕಿಕೊಂಡಿರುತ್ತಾಳೆ. ಶೋಕದ ಬಟ್ಟೆ ನೋಡಿ ವಿಧವೆ ಅಂದುಕೊಂಡಿರಬಹುದು.

ನೇಪಥ್ಯ: "ಅಂದುಕೊಂಡಿರಬಹುದು" ಅಂದರೆ ಊಹೆ ಅಲ್ವಾ? ಮೊದಲ ಅಂಕದಲ್ಲೇ ವಿದೂಷಕ ಫೆಸ್ಟೆ ಯಾಕೆ ಅಳುತ್ತೀ ಅಂತ ಕೇಳುತ್ತಾನೆ, ಅಣ್ಣ ಸತ್ತನಲ್ಲ ಅಂತ ಅವಳೇ ಹೇಳುತ್ತಾಳೆ. ಅಷ್ಟೂ ಕೇಳಿಸಿಕೊಳ್ಳದವನ ಮಾತು ಇಟ್ಟುಕೊಂಡು ವಾದಕ್ಕೆ ಬರಬೇಡಿ.

ಹಳೇಪ್ರೇಕ್ಷಕ: ಒಂದು ಪದ ತಪ್ಪಿದರೆ ಇಡೀ ದಿನಚರಿ ಸುಳ್ಳಾ? ಸರಿ, ಅವನನ್ನು ಬಿಡಿ. 1623ರಲ್ಲಿ ಅರಮನೆಯಲ್ಲಿ ಇದನ್ನು ಆಡಿದಾಗ ದಾಖಲೆಯಲ್ಲಿ ಬರೆದ ಹೆಸರೇ "ಮಾಲ್ವೋಲಿಯೋ"!

ನೇಪಥ್ಯ: 1623ರ ಹೊತ್ತಿಗೆ ಎಲಿಜಬೆತ್ ರಾಣಿ ತೀರಿಹೋಗಿ 20 ವರ್ಷ, ಅಷ್ಟು ತಡವಾದ ದಾಖಲೆ ಸಾಕ್ಷಿಯಾಗುತ್ತದಾ? ಮತ್ತೆ, "ಅವನನ್ನು ಬಿಡಿ" ಅಂದಿರಿ. ಅಂದರೆ ವಿಧವೆ ವಿಷಯದಲ್ಲಿ ಸೋತಿರಿ.

ಹಳೇಪ್ರೇಕ್ಷಕ: ಸೋಲಲಿಲ್ಲ. ನಿಮ್ಮ ಹಟಕ್ಕೆ ಬೇಸತ್ತು ಬಿಟ್ಟೆ. ಶೋಕದ ಬಟ್ಟೆಯ ಮಾತಿಗೆ ನೀವಿನ್ನೂ ಉತ್ತರ ಕೊಟ್ಟಿಲ್ಲ.

ಸಂಜೆಮಲ್ಲಿಗೆ: ಇಬ್ಬರೂ ಕೊನೆಯ ಅಂಕ ಓದಿ. ವಯೋಲಾಳ ಹೆಣ್ಣುಡುಗೆ ಇರುವುದು ಅವಳು ಬಂದ ಹಡಗಿನ ಕ್ಯಾಪ್ಟನ್ ಹತ್ತಿರ. ಅವನು ಸೆರೆಮನೆಯಲ್ಲಿದ್ದಾನೆ. ಹಾಕಿಸಿದವನು ಮಾಲ್ವೋಲಿಯೋ! ಅವನೋ, ನಿಮ್ಮ ಇಡೀ ಗುಂಪಿನ ಮೇಲೆ ಸೇಡು ತೀರಿಸಿಕೊಳ್ಳುತ್ತೇನೆ ಅಂತ ಹೊರಟುಹೋಗುತ್ತಾನೆ. ಹಾಗಾಗಿ ವಯೋಲಾ ಕೊನೆವರೆಗೂ ಗಂಡುಡುಗೆಯಲ್ಲೇ ಉಳಿಯುತ್ತಾಳೆ. ಆ ಪತ್ರ ನಂಬಿದ್ದಕ್ಕೆ ಕತ್ತಲೆಕೋಣೆ ಸೇರಿ ಹುಚ್ಚ ಅನ್ನಿಸಿಕೊಂಡ ಮಾಲ್ವೋಲಿಯೋನನ್ನು ನೋಡಿ ನನಗಂತೂ ನಗು ಬರುವುದಿಲ್ಲ.

ಬಣ್ಣದಮನೆ: "ಕೊನೆವರೆಗೂ ಗಂಡುಡುಗೆ". ನಾನು ಮೊದಲೇ ಹೇಳಿದ್ದು ಇದೇ.

ಹಳೇಪ್ರೇಕ್ಷಕ: "ಹಾಕಿಸಿದವನು ಮಾಲ್ವೋಲಿಯೋ". ಅದನ್ನೂ ಓದಿ.